ಏನಾಯ್ತು ಸಾಹೇಬರ ನಾಲ್ಕನೆಯ ಪೆಟ್ಟಿಗೆ

ಏನಾಯ್ತು ಸಾಹೇಬರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಬಸ್ಸಿನಲ್ಲಿ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೊರಟಿದ್ದೆ. ಪಕ್ಕದಲ್ಲಿ ಕುಳಿತವಳು ನಮ್ಮ ಹಳೆಯ ಓಣಿಯ ಹೆಂಗಸು. ನನ್ನ ಗುರುತು ಹಿಡಿದು ಅವರಿವರ ಸುದ್ದಿ ಹೇಳುತ್ತ, ಮೆಣಸಿನಕಾಯಿ ದರ ಹೇಳುತ್ತ, ನಡುವೆ ಒಂದು ಮಾತು ಅಂದಳು.

“ನಿಮ್ಮ ವಾಚನಾಲಯದಾಗ ಇದ್ರಲ್ಲ, ಏನಾಯ್ತು ಸಾಹೇಬ್ರು, ಅವರೂ ಹೋದ್ರಂತ್ರಿ.”

“ಯಾವಾಗ?”

“ಹೋದ ವರ್ಷನ. ಅವರ ಕಡೆ, ಮೈಸೂರಿನ ಅತ್ತಲಾಗ. ಒಬ್ರ ಇದ್ರಂತ.”

ನಾನು “ಹೌದಾ” ಎಂದೆ. ಅವರು ನನಗೆ ಬಂಧುವಲ್ಲ, ನಮ್ಮ ಸೀಮೆಯವರೂ ಅಲ್ಲ. ಮಾತಾಡಿಸಿಕೊಂಡು ಬರಲು ಯಾರ ಮನೆಗೆ ಹೋಗಬೇಕು? ಅವರು ಹೋಗಿ ಒಂದು ವರ್ಷವಾಗಿತ್ತು. ಆ ವರ್ಷವೆಲ್ಲ ನಾನು ರೊಟ್ಟಿ ಬಡಿದಿದ್ದೆ, ಮೊಮ್ಮಕ್ಕಳಾದ ನಿಮ್ಮ ಪರೀಕ್ಷೆಗೆ ಬೇಗ ಎದ್ದಿದ್ದೆ, ನಕ್ಕಿದ್ದೆ. ಕುಂದಗೋಳದಲ್ಲಿ ಇಳಿದು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಯಾಕೆ ಬಂದೆನೆಂಬುದೇ ಮರೆತಿತ್ತು.

ನಿಮಗೆ ಯಾರಿಗೂ ಅವರು ಗೊತ್ತಿಲ್ಲ. ನಿಮ್ಮ ಅವ್ವನಿಗೆ ಸ್ವಲ್ಪ ನೆನಪಿರಬಹುದು. ನಾನು ಎದುರಿಗೆ ಕುಳಿತು ಹೇಳುವವಳಲ್ಲ, ಅದು ನಿಮಗೆ ಗೊತ್ತು. ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಹೋದಾಗ ನಿಮ್ಮ ಅವ್ವನಿಗೆ ಮೂರು ವರ್ಷ. ನಾನು ಬಮ್ಮಿಗಟ್ಟಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ತವರಿನಲ್ಲಿ ಅಣ್ಣಂದಿರ ಸಂಸಾರವೇ ತುಂಬಿತ್ತು. ಕುಂದಗೋಳದ ಆಚೆ ಎರಡು ಹರದಾರಿ ದೂರದ ಗಂಡನ ಊರಿನಲ್ಲಿ, ಭಾವನವರ ಮನೆಯಲ್ಲೇ ಉಳಿದೆ. ಭಾವ ಕೆಟ್ಟವರಲ್ಲ. ಆದರೆ ಆ ಮನೆಯಲ್ಲಿ ನಾವಿಬ್ಬರೂ ಅವರ ಮಾತಿನ ಮೇಲೆ ಇದ್ದವರು. ಅವರು ಊರಿನ ವಾಚನಾಲಯದ ಕಮಿಟಿಯಲ್ಲಿದ್ದರು. ಕಸ ಗುಡಿಸಲು, ನೀರು ತುಂಬಲು ಅಲ್ಲಿ ಒಬ್ಬರು ಬೇಕಾಗಿತ್ತು. ನನ್ನನ್ನು ಹಚ್ಚಿದರು. ಎಂಬತ್ತರ ದಶಕದ ಮೊದಲ ವರ್ಷಗಳು ಅವು.

ವಾಚನಾಲಯವೆಂದರೆ ಯಾರೋ ದೇಸಾಯರು ಬಿಟ್ಟುಕೊಟ್ಟ ಹಳೆಯ ವಾಡೆ. ಮುಂದಿನ ಪಡಸಾಲೆಯಲ್ಲಿ ಪುಸ್ತಕ, ಪೇಪರು. ನಡುಮನೆಯಲ್ಲಿ ಊರಿನವರು ಕೊಟ್ಟ ಹಳೆಯ ಸಾಮಾನು: ಹಿಡಿ ಇಲ್ಲದ ಕತ್ತಿ, ಹಿತ್ತಾಳೆಯ ಸೇರು, ಬುರುಡೆ ಸೀಳಿದ ತಂಬೂರಿ, ಅಕ್ಷರ ಕೊರೆದ ಕಲ್ಲು. ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟುಗಳು. ಮೂರಕ್ಕೂ ಮೂರು ದಾಖಲೆ ಬುಕ್ಕು, ಮೂವರು ಯಜಮಾನರು. ಪುಸ್ತಕದ ಬುಕ್ಕು ಪೆನ್ಶನ್ ಆದ ಮಾಸ್ತರರ ಕೈಯಲ್ಲಿ. ಅವರು ಪುಸ್ತಕದ ಹೆಸರಿನ ಮೇಲೆ ಬರೆಯುತ್ತಿದ್ದರು. ಸಾಮಾನಿನದು ನಮ್ಮ ಭಾವನವರದು. ಕೊಟ್ಟವರ ಹೆಸರಿನ ಮೇಲೆ. ಕಾಗದದ್ದು ಒಬ್ಬ ಮುದಿ ಗುಮಾಸ್ತರದು. ಹಳ್ಳಿಯ ಹೆಸರಿನ ಮೇಲೆ. ಒಬ್ಬರ ಬುಕ್ಕನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ.

ಸಾಹೇಬರು ಮೈಸೂರು ಕಡೆಯ ಒಂದು ದೊಡ್ಡ ಲೈಬ್ರರಿಯಲ್ಲಿ ಇದ್ದು, ಅವಧಿಗೆ ಮೊದಲೇ ನೌಕರಿ ಬಿಟ್ಟು ಬಂದವರು. ಮೂರು ತಿಂಗಳಲ್ಲಿ ಎಲ್ಲ ಸರಿಮಾಡಿ ಹೋಗುತ್ತೇನೆ ಎಂದು ಬಂದವರು ಐದು ವರ್ಷ ಇದ್ದರು. ವಾಡೆಯ ಹಿಂದಿನ ಕೋಣೆಯಲ್ಲಿ ವಾಸ, ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ಊಟ. ಹೆಂಡತಿ ಬಿಟ್ಟಳು ಎಂದು ಕೆಲವರು, ಮದುವೆಯೇ ಆಗಿಲ್ಲ ಎಂದು ಕೆಲವರು. ನಾನು ಕೇಳಲಿಲ್ಲ. ಯಾರಾದರೂ ಕೇಳಲಿ ಎಂದು ಅವರು ಕಾದಿದ್ದರೇನೋ ಎಂದು ಈಗ ಅನಿಸುತ್ತದೆ. ಐದು ವರ್ಷದಲ್ಲಿ ಅವರಿಗೆ ಬಂದ ಕಾಗದಗಳನ್ನೆಲ್ಲ ಅಂಚೆಯವನಿಂದ ಇಸಿದುಕೊಂಡವಳು ನಾನೇ. ಎಲ್ಲವೂ ಪುಸ್ತಕದ ಅಂಗಡಿಗಳವು.

ಅವರಿಗೆ ಆ ಹೆಸರು ಬಿದ್ದದ್ದು ಬಂದ ವಾರದಲ್ಲೇ. ಒಬ್ಬ ಮುದುಕ ಎತ್ತಿನ ಕೊರಳ ಗಂಟೆ ಕೊಡಲು ಬಂದಿದ್ದ. ಸಾಹೇಬರು ಗಂಟೆಯನ್ನು ಕೈಯಲ್ಲಿ ಹಿಡಿದು, “ಏನಾಯ್ತು?” ಎಂದರು.

“ಏನೂ ಆಗಿಲ್ರಿ, ಆರಾಮ ಅದೀನಿ.”

“ನಿಮಗಲ್ಲ ಯಜಮಾನರೇ, ಇದಕ್ಕೆ.”

“ಗಂಟಿಗೇನ ಆಗತೈತ್ರಿ? ಎತ್ತಿನ ಕೊಳ್ಳಾಗ ಇತ್ತು. ಎತ್ತು ಸತ್ತಿಂದ ಬಿಚ್ಚೀನಿ.”

“ಎತ್ತು ಹೇಗೆ ಸತ್ತಿತು?”

ಮುದುಕ ಅವರ ಮುಖ ನೋಡಿದ. ಚೇಷ್ಟೆಯೋ ಖರೆಯೋ ತಿಳಿಯಲಿಲ್ಲ. ಆಮೇಲೆ ಕುಳಿತ. ಒಂದು ತಾಸು ಹೇಳಿದ. ಹೋಗುವಾಗ ರುಮಾಲಿನಿಂದ ಕಣ್ಣು ಒರೆಸಿಕೊಂಡ. ಹೊರಗೆ ಬಂದು ಪೇಪರು ಓದುತ್ತಿದ್ದವರಿಗೆ, “ಏ, ಭಾಳ ಚಲೋ ಸಾಹೇಬ ಅದಾನ್ರಿ. ನನ್ನ ಮಗಾನೂ ಕೇಳಿರಲಿಲ್ಲ” ಅಂದ.

ಯಾರು ಏನು ತಂದರೂ ಇದು ಏನು, ಎಷ್ಟು ಹಳೆಯದು ಎಂದು ಅವರು ಕೇಳುತ್ತಿರಲಿಲ್ಲ. ಏನಾಯ್ತು ಎಂದು ಕೇಳುತ್ತಿದ್ದರು. ಓಣಿಯವರು ಅವರ ಧ್ವನಿ ತೆಗೆದು ಅಣಕಿಸುತ್ತಿದ್ದರು. ಅವರಿಗೂ ಗೊತ್ತಿತ್ತು.

ಕೇಳಿದ್ದನ್ನೆಲ್ಲ ಅವರು ಕಾರ್ಡಿನ ಮೇಲೆ ಬರೆದಿಡುತ್ತಿದ್ದರು. ಆ ಕಾರ್ಡು ಬರೆಯಲು ನಾನು ತೊಡಗಿದ್ದು ಹೀಗೆ. ನಿಮ್ಮ ಅವ್ವನನ್ನು ಜೊತೆಗೆ ಕರೆದೊಯ್ದು, ಪಾಟಿಯ ಮೇಲೆ ಅಕ್ಷರ ಬರೆದುಕೊಟ್ಟು ಕೂಡಿಸಿ, ನಾನು ಕಸ ಹೊಡೆಯುತ್ತಿದ್ದೆ. ಒಂದು ದಿನ ಅವರು ಪಾಟಿ ಎತ್ತಿ ನೋಡಿದರು.

“ಯಾರು ಬರೆದಿದ್ದು?”

ನಾನು ಕಸಬರಿಗೆ ಹಿಡಿದು ನಿಂತೆ. ಮಗು ನನ್ನ ಕಡೆ ಬೆರಳು ತೋರಿಸಿತು.

“ಅಮ್ಮಾ, ನಾಳೆಯಿಂದ ನೀವು ಈ ಕಾರ್ಡು ಬರೀತೀರಾ? ನನ್ನ ಅಕ್ಷರ ನನಗೇ ಓದಕ್ಕಾಗಲ್ಲ.”

ನನಗಾಗ ಇಪ್ಪತ್ತೈದು ಇರಬೇಕು. ಅವರಿಗೆ ಐವತ್ತು ದಾಟಿತ್ತು. ನಿಮ್ಮ ಅಜ್ಜ ಹೋದ ಮೇಲೆ ನನ್ನನ್ನು ಅಷ್ಟು ಮರ್ಯಾದೆಯಿಂದ ಕರೆದವರು ಅವರೊಬ್ಬರೇ. ಕೊನೆಯವರೆಗೂ “ಅಮ್ಮಾ” ಎಂದೇ ಕರೆದರು.

ಕಾರ್ಡು ಕೊಳ್ಳಲು ಕಮಿಟಿ ಒಪ್ಪಲಿಲ್ಲ. ಸಾಹೇಬರು ಊರಲ್ಲೆಲ್ಲ ಸುತ್ತಿ ಹಳೆಯ ಲಗ್ನಪತ್ರಿಕೆ ಕೂಡಿಸಿದರು. ಪ್ರತಿ ಮನೆಯಲ್ಲೂ ತೊಲೆಯ ಸಂದಿಯಲ್ಲಿ, ಗೂಟಕ್ಕೆ ಚುಚ್ಚಿ ಇಟ್ಟವು ಇರುತ್ತಿದ್ದವು. ಅರಿಸಿನ ಹಚ್ಚಿದ ಆ ದಪ್ಪ ಕಾಗದವನ್ನು ಒಂದೇ ಅಳತೆಗೆ ಕತ್ತರಿಸಿ, ಖಾಲಿ ಬೆನ್ನಿನ ಮೇಲೆ ಬರೆಯುವುದು. ಪೆಟ್ಟಿಗೆಗೆ ಹುಬ್ಬಳ್ಳಿಯಿಂದ ತಂದ ಬೂಟಿನ ಡಬ್ಬಿ. ಕಾರ್ಡು ತಿರುಗಿಸಿದರೆ ಯಾರದೋ ಅರ್ಧ ಮದುವೆ. ಮಧ್ಯಾಹ್ನ ಪಡಸಾಲೆಯಲ್ಲಿ ಅವರು ಕತ್ತರಿಸುತ್ತಿದ್ದರು, ನಡುಮನೆಯ ಬಾಗಿಲಲ್ಲಿ ಕುಳಿತು ನಾನು ಬರೆಯುತ್ತಿದ್ದೆ. ಕತ್ತರಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎಷ್ಟೋ ದಿನ ಇಡೀ ಮಧ್ಯಾಹ್ನಕ್ಕೆ ನಾಲ್ಕು ಮಾತು ಆದರೆ ಹೆಚ್ಚು.

ರೊಟ್ಟಿ ಅವರಿಗೆ ಒಗ್ಗಲು ಎರಡು ವರ್ಷ ಹಿಡಿಯಿತು. ಕಟಕ್ ರೊಟ್ಟಿ ಮುರಿಯುವ ಸದ್ದು ಓದುವವರಿಗೆ ತೊಂದರೆಯಾದೀತೆಂದು ಹೊರಗೆ ಕಟ್ಟೆಗೆ ಹೋಗಿ ತಿನ್ನುತ್ತಿದ್ದರು. ಒಳಗೆ ಓದುವವರು ಯಾರೂ ಇಲ್ಲದ ದಿನವೂ ಹಾಗೆಯೇ.

ನಾಗರಪಂಚಮಿಯ ದಿನ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗಿರುತ್ತಾರೆ, ಗಿಡಗಿಡಕ್ಕೆ ಜೋಕಾಲಿ. ಮನೆಯಲ್ಲಿ ಉಂಡಿ ಕಟ್ಟುವವರ ನಡುವೆ ನನಗೆ ಕೆಲಸವಿರಲಿಲ್ಲ. ಮಗುವನ್ನು ಜೋಕಾಲಿಗೆ ಬಿಟ್ಟು, ನೀರು ತುಂಬುವ ನೆಪದಲ್ಲಿ ವಾಚನಾಲಯಕ್ಕೆ ಹೋದೆ. ಬಾಗಿಲು ತೆರೆದಿತ್ತು. ಸಾಹೇಬರು ಕುಳಿತಿದ್ದರು.

“ಇವತ್ತು ರಜ ಅಲ್ವಾ ಅಮ್ಮಾ?”

“ಹೌದ್ರಿ.”

“ಮತ್ತೆ?”

ನಾನು ಕೊಡ ಕೆಳಗಿಟ್ಟೆ. ಅವರೂ ಇಲ್ಲಿ ಯಾಕೆ ಕುಳಿತಿದ್ದೇನೆಂದು ಹೇಳಲಿಲ್ಲ.

“ಸರಿ, ಕೂತ್ಕೊಳ್ಳಿ. ಹದಿನೇಳು ಕಾರ್ಡು ಬಾಕಿ ಇದೆ” ಎಂದರು.

ಅವರ ಕೆಲಸ ಏನೆಂದು ನನಗೆ ತಿಳಿದಷ್ಟು ಹೇಳುತ್ತೇನೆ. ಊರ ಬಾವಿ ಕಟ್ಟಿಸಿದ್ದನ್ನು ಕೊರೆದ ಕಲ್ಲು ನಡುಮನೆಯಲ್ಲಿತ್ತು. ಆ ಬಾವಿಯ ಮೇಲೆ ಯಾರೋ ಕಟ್ಟಿದ ಹಾಡಿನ ಕೈಬರಹದ ಚೋಪಡಿ ಪುಸ್ತಕದ ಕಪಾಟಿನಲ್ಲಿತ್ತು. ಬಾವಿಯ ಜಾಗಕ್ಕಾಗಿ ನಡೆದ ಜಗಳದ ಕಾಗದ ಅಟ್ಟದಲ್ಲಿತ್ತು. ಮೂರೂ ಒಂದೇ ಸಂಗತಿಯಿಂದ ಹುಟ್ಟಿದವು, ಆದರೆ ಮೂರು ಬುಕ್ಕಿನಲ್ಲಿ ಒಂದಕ್ಕೊಂದರ ಗುರುತಿಲ್ಲ. “ಒಂದೇ ಮನೆಯಲ್ಲಿ ಮೂರು ಒಲೆ ಹೂಡಿದ ಹಾಗಿದೆ” ಎನ್ನುತ್ತಿದ್ದರು. ಮೂರು ಬುಕ್ಕಿಗೂ ಒಂದೇ ರೀತಿ ಬರೆಯೋಣವೆಂದರೆ ಮೂವರು ಯಜಮಾನರೂ ಒಪ್ಪಲಿಲ್ಲ. ಅವರವರ ರೀತಿ ಅವರವರಿಗೆ ಇರಲಿ ಎಂದು ಸಾಹೇಬರು ಮೂರು ಬುಕ್ಕಿನ ಜೊತೆಗೆ ನಾಲ್ಕನೆಯದಾಗಿ ಈ ಪೆಟ್ಟಿಗೆ ಮಾಡಿದರು. ಅದು ಸಂಗತಿಗಳ ಪೆಟ್ಟಿಗೆ. ಏನಾಯಿತು, ಯಾರಿಂದ, ಎಲ್ಲಿ, ಯಾವಾಗ ಎಂದು ಮೇಲೆ. ಅದಕ್ಕೆ ಸೇರಿದ ಪುಸ್ತಕ ಯಾವುದು, ವಸ್ತು ಯಾವುದು, ಕಾಗದ ಯಾವುದು ಎಂದು ನಡುವೆ. ಎಲ್ಲಕ್ಕೂ ಕೆಳಗೆ ಒಂದು ಗೆರೆ: ಹೇಳಿದವರು.

ಆ ಕೊನೆಯ ಗೆರೆಯಲ್ಲಿ ಅವರು ಬಹಳ ಕಟ್ಟುನಿಟ್ಟು. ಕುರಿ ಕಾಯುವವನು ಹೇಳಿದ್ದಾದರೆ ಅವನ ಪೂರ್ತಿ ಹೆಸರು. ಬಾವಿ ಕಟ್ಟಿಸಿದ್ದು ನಮ್ಮ ಮುತ್ತಜ್ಜ ಎಂದು ಒಬ್ಬರು, ಅಲ್ಲ ನಮ್ಮವರು ಎಂದು ಇನ್ನೊಬ್ಬರು ಬಂದಾಗ ಎರಡು ಕಾರ್ಡು ಬರೆಸಿದರು.

“ಎರಡರಾಗ ಯಾವುದ ಖರೇರಿ?” ಎಂದು ಮಾಸ್ತರರು ಕೇಳಿದರು.

“ಜಗಳ ಖರೆ” ಎಂದರು ಸಾಹೇಬರು. ಅಷ್ಟರ ಮಟ್ಟಿಗೆ ನಮ್ಮ ಮಾತು ಕಲಿತಿದ್ದರು.

ಐದನೆಯ ವರ್ಷ ಒಂದು ದಿನ ಅವರು ಎಂದೂ ಇಲ್ಲದ ಹುರುಪಿನಲ್ಲಿದ್ದರು. ಹಿಂದೆ ಯಾವುದೋ ಕಾಲದಲ್ಲಿ ಒಂದು ಬೇಸಿಗೆ ಈ ಸೀಮೆಯಲ್ಲೆಲ್ಲ ಕಣ್ಣುಬೇನೆ ಹರಡಿತ್ತಂತೆ. ಅದಕ್ಕೆ ಸೇರಿದ ಮೂರು ವಸ್ತು ಅವರಿಗೆ ಸಿಕ್ಕಿದ್ದವು. ಕಪಾಟಿನಲ್ಲಿ ಕಣ್ಣಿನ ಔಷಧಗಳ ಕೈಬರಹದ ಒಂದು ಪುಸ್ತಕ, ಮೇಲೆ ‘ಸಂಕವ್ವ, ಬಮ್ಮಿಗಟ್ಟಿ’ ಎಂದಿತ್ತು. ಅಟ್ಟದಲ್ಲಿ ಐದು ಹಳ್ಳಿಯವರು ಮಾಮಲೇದಾರರಿಗೆ ಬರೆದ ಅರ್ಜಿ: ಕಣ್ಣಿಗೆ ಔಷಧ ಹಾಕುವ ನೀಲವ್ವನಿಗೆ ಹಳ್ಳಿಯಿಂದ ಹಳ್ಳಿಗೆ ತಿರುಗಲು ಒಂದು ಚಕ್ಕಡಿ ಕೊಡಿಸಬೇಕು. ನಡುಮನೆಯಲ್ಲಿ ಅಂಜನದ ತಾಮ್ರದ ಡಬ್ಬಿ. ಅದು ನಮ್ಮ ಭಾವನವರು ಕೊಟ್ಟದ್ದು. ‘ನಮ್ಮ ಅಜ್ಜ ವೈದ್ಯಕೀ ಮಾಡುತ್ತಿದ್ದ ಡಬ್ಬಿ’ ಎಂದು ಅವರೇ ಬರೆದಿದ್ದರು.

“ನೋಡಿ ಅಮ್ಮಾ, ಒಂದೇ ಬೇನೆಗೆ ಮೂವರು ವೈದ್ಯರು. ಬರ್ಕೊಳ್ಳಿ.”

ನಾನು ಬರೆದೆ. ಮೂವರೆಂದು ಬರೆದ ಕೈ ನನ್ನದೇ.

ಅವರು ಮೂವರಲ್ಲ ಎಂದು ನನಗೆ ಗೊತ್ತಿತ್ತು. ನನಗೆ ಆರೇಳು ವರ್ಷವಿದ್ದಾಗ ಬಮ್ಮಿಗಟ್ಟಿಯಲ್ಲಿ ನನ್ನ ಕಣ್ಣಿಗೆ ಔಷಧ ಹಾಕಿದವಳು ಸಂಕವ್ವಾಯಿ. ಬೇವಿನ ಕಡ್ಡಿಯ ತುದಿಯಿಂದ ಹಾಕುತ್ತಿದ್ದಳು, ಉರಿಯುತ್ತಿತ್ತು. ಅಳು ಮರೆಸಲು ಏನಾದರೂ ಹೇಳುತ್ತಿದ್ದಳು. “ನನ್ನ ತಾಮ್ರದ ಡಬ್ಬಿ ಗಂಡನ ಮನ್ಯಾಗ ಉಳೀತವಾ. ಮಕ್ಕಳಾಗಲಿಲ್ಲಂತ ಇನ್ನೊಬ್ಬಾಕೀನ ತಂದ್ರು, ನಾ ಔಷಧದ ಪುಸ್ತಕ ಅಷ್ಟ ಹಿಡಕೊಂಡು ತವರಿಗೆ ಬಂದೆ. ಡಬ್ಬಿ ಕೇಳಿದ್ರ ಕೊಡಲಿಲ್ಲ. ಅಲ್ಲೆ ನನಗ ನೀಲವ್ವ ಅಂತಿದ್ರು. ಅಕಿನೂ ಅಲ್ಲೇ ಉಳದಾಳ.” ಆ ಗಂಡನ ಮನೆಯೆಂದರೆ ಮುಂದೆ ನಾನು ಸೊಸೆಯಾಗಿ ಬಂದ ಇದೇ ಮನೆ. ಭಾವ, ನಿಮ್ಮ ಅಜ್ಜ, ಇಬ್ಬರೂ ಆ ಎರಡನೆಯವಳ ಮೊಮ್ಮಕ್ಕಳು. ಮನೆಯಲ್ಲಿ ಸಂಕವ್ವಾಯಿಯ ಹೆಸರು ಯಾರೂ ಎತ್ತುತ್ತಿರಲಿಲ್ಲ. ನಾನೂ ಎತ್ತಲಿಲ್ಲ.

ಎಂಟು ದಿನ ಸುಮ್ಮನಿದ್ದೆ. ಒಂಬತ್ತನೆಯ ದಿನ ಸಾಹೇಬರು ಒಂದು ಲಗ್ನಪತ್ರಿಕೆ ಕತ್ತರಿಸುವಾಗ ಕೈ ತಡೆದು ಕೇಳಿದರು. “ಇದರಲ್ಲಿ ಹುಡುಗಿ ಹೆಸರು ಕಸ್ತೂರಿ ಅಂತಿದೆ. ನಿಮ್ಮ ಓಣಿಗೆ ಬಂದವಳು ಮಹಾದೇವಿ ಅಲ್ವಾ? ಪ್ರೆಸ್ಸಿನವರ ತಪ್ಪಾ?”

“ಅಲ್ರಿ. ಇಲ್ಲೆ ಹೆಸರಿಟ್ಟಾರ.”

“ಅಂದ್ರೆ?”

“ಮದಿವ್ಯಾದ ಮ್ಯಾಲ ಗಂಡನ ಮನ್ಯಾಗ ಹೊಸಾ ಹೆಸರ ಇಡತಾರ್ರಿ. ನನಗೂ ಇಟ್ಟಾರ.”

ಅವರು ಕತ್ತರಿ ಕೆಳಗಿಟ್ಟರು. ನಾಲ್ಕನೆಯ ಪೆಟ್ಟಿಗೆಯ ಕಡೆ ನೋಡಿದರು. “ಹಾಗಾದ್ರೆ ಅದರೊಳಗೆ ಎಷ್ಟು ಹೆಂಗಸರು ಎರಡೆರಡು ಸಲ ಕೂತಿದ್ದಾರೆ ಅಮ್ಮಾ? ಐದು ವರ್ಷ ನನಗೆ ಯಾರೂ ಹೇಳಲಿಲ್ಲವಲ್ಲ.”

“ನೀವು ಕೇಳಿಲ್ರಿ. ಎಲ್ಲಾರಿಗೂ ಗೊತ್ತಿರೂದನ್ನ ಯಾರ ಹೇಳತಾರ?”

ಆಮೇಲೆ ಸಂಕವ್ವಾಯಿಯ ಕಥೆ ಹೇಳಿದೆ. ಅಷ್ಟು ಮಾತು ಅದಕ್ಕೆ ಮುಂಚೆ ಯಾವ ಗಂಡಸಿನ ಎದುರಿಗೂ ಆಡಿರಲಿಲ್ಲ. ಅವರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಎದ್ದು ಕೈಬರಹದ ಪುಸ್ತಕ ತಂದರು, ಡಬ್ಬಿ ತಂದರು. ಪುಸ್ತಕದ ಹಲವು ಹಾಳೆಗಳಲ್ಲಿ ಪೆನ್ಸಿಲ್ಲಿನ ಒಂದು ಸುತ್ತು ಇತ್ತು, ಪಕ್ಕದಲ್ಲಿ ಔಷಧದ ಅಳತೆ ‘ಮುಚ್ಚಳ ಭರ್ತಿ’ ಎಂದು ಬರೆದಿತ್ತು. ನಾವಿಬ್ಬರೂ ಅದನ್ನು ಎಷ್ಟೋ ಸಲ ನೋಡಿದ್ದೆವು. ಸಾಹೇಬರು ಡಬ್ಬಿಯ ಮುಚ್ಚಳ ತೆಗೆದು ಆ ಸುತ್ತಿನ ಮೇಲೆ ಇಟ್ಟರು. ಗೆರೆ ಪೂರ್ತಿ ಮುಚ್ಚಿತು. ಒಂದು ಕೂದಲೆಳೆಯಷ್ಟೂ ಹೊರಗೆ ಉಳಿಯಲಿಲ್ಲ.

ಅವರು ಮುಚ್ಚಳದ ಮೇಲಿನ ಬೆರಳನ್ನು ಬಹಳ ಹೊತ್ತು ತೆಗೆಯಲಿಲ್ಲ.

ಹಳೆಯ ಮೂರು ಕಾರ್ಡು ಹರಿದು ಹೊಸದೊಂದು ತೆಗೆದುಕೊಂಡರು. ಅದನ್ನು ಮಾತ್ರ ತಾವೇ ನಿಧಾನವಾಗಿ ಬರೆದರು. ಒಬ್ಬಳೇ ಹೆಣ್ಣುಮಗಳು, ಎರಡು ಹೆಸರು, ಮೂರು ವಸ್ತು. ಕೊನೆಯ ಗೆರೆಗೆ ಬಂದು ತಲೆ ಎತ್ತಿದರು.

“ನಿಮ್ಮ ಹೆಸರು ಬರೀತೀನಿ.”

“ಬ್ಯಾಡ್ರಿ.”

“ಯಾಕಮ್ಮಾ?”

“ಭಾವನ್ನ ಸುಳ್ಳ ಮಾಡಿದಂಗ ಆಗತೈತ್ರಿ. ಅವರ ಅಜ್ಜನ ಹೆಸರು ಅದು. ನಾ ಅವರ ಮನ್ಯಾಗ ಅದೀನಿ. ನನಗ ಸಣ್ಣ ಮಗಳ ಅದಾಳ್ರಿ.”

“ಇದನ್ನ ಹೇಳುವವರು ಬೇರೆ ಯಾರಾದರೂ ಇದ್ದಾರಾ?”

“ಇದ್ದವರು ಸತ್ತಾರ್ರಿ.”

ಅವರು ನನ್ನನ್ನು ಒತ್ತಾಯಿಸಲಿಲ್ಲ. ಆ ಗೆರೆ ಖಾಲಿ ಬಿಟ್ಟು ಕಾರ್ಡನ್ನು ಪೆಟ್ಟಿಗೆಗೆ ಹಾಕಿದರು. ಆ ಪೆಟ್ಟಿಗೆಯಲ್ಲಿ ಖಾಲಿ ಗೆರೆಯ ಕಾರ್ಡು ಬೇರೊಂದು ಇರಲಿಲ್ಲ.

ಅದೇ ಹೊತ್ತಿಗೆ ವಾಡೆಯ ಮಾಳಿಗೆ ಸೋರತೊಡಗಿತ್ತು. ರಿಪೇರಿಗೆ ಸರಕಾರದ ಸಹಾಯ ಬೇಕೆಂದು ಕಮಿಟಿಯವರು ಬರೆದಿದ್ದರು. ನೋಡಿಕೊಂಡು ಹೋಗಲು ಒಬ್ಬ ದೊಡ್ಡ ಅಧಿಕಾರಿ ಬರುವವರಿದ್ದರು. ಪುಸ್ತಕ ಪುಸ್ತಕದವರಿಗೆ, ಸಾಮಾನು ಪಟ್ಟಣದ ಮ್ಯೂಸಿಯಮ್ಮಿಗೆ, ಕಾಗದ ಕಾಗದದ ಕಚೇರಿಗೆ ಹೋಗಲಿ, ವಾಡೆ ಬೀಳಲಿ ಎನ್ನುವ ಮಾತೂ ಎದ್ದಿತ್ತು. ಸಾಹೇಬರಿಗೆ ಊಟ ಸೇರಲಿಲ್ಲ. “ಒಂದೇ ಒಂದು ಉದಾಹರಣೆ ಸರಿಯಾಗಿ ತೋರಿಸಿದರೆ ಸಾಕು. ಬೇರೆ ಮಾಡಬಾರದು ಅಂತ ಅವರಿಗೇ ಅನಿಸತ್ತೆ” ಎಂದು ನನಗೆ ಹೇಳಿದ್ದರು. ಆ ಉದಾಹರಣೆ ಸಂಕವ್ವಾಯಿಯ ಕಾರ್ಡು. ಅವರಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಬೇರೆ ಇರಲಿಲ್ಲ.

ಅಧಿಕಾರಿ ಬಂದ ದಿನ ಪಡಸಾಲೆಯಲ್ಲಿ ಕುರ್ಚಿ ಹಾಕಿದ್ದರು. ನಾನು ನಡುಮನೆಯ ಬಾಗಿಲ ಹಿಂದೆ ಚಹಾದ ಒಲೆಯ ಮುಂದೆ ಇದ್ದೆ. ಎಲ್ಲ ಕೇಳುತ್ತಿತ್ತು. ಸಾಹೇಬರು ಪುಸ್ತಕ, ಡಬ್ಬಿ, ಅರ್ಜಿ ಮೂರನ್ನೂ ಮೇಜಿನ ಮೇಲಿಟ್ಟು, ಮುಚ್ಚಳವನ್ನು ಸುತ್ತಿನ ಮೇಲಿಟ್ಟು ತೋರಿಸಿದರು. ಅಧಿಕಾರಿ ಒಳ್ಳೆಯ ಮನುಷ್ಯರೇ. ಬಗ್ಗಿ ನೋಡಿದರು. “ಭಾಳ ಚಲೋ ಐತ್ರಿ ಇದು” ಅಂದರು. ಆಮೇಲೆ ಕಾರ್ಡು ಓದಿದರು.

“ಹೇಳಿದವರು ಅಂತ ಐತಿ, ಮುಂದ ಖಾಲಿ ಐತಲ್ರಿ?”

“ಹೇಳಿದವರು ಇದ್ದಾರೆ ಸರ್. ಹೆಸರು ಬೇಡ ಅಂದರು.”

ಭಾವನವರ ಧ್ವನಿ ಏರಿತು. “ಯಾರ್ರಿ ಅವರು? ಡಬ್ಬಿ ನಮ್ಮ ಅಜ್ಜಂದು. ನಾನ ಬರದೀನಿ ಬುಕ್ಕಿನ್ಯಾಗ. ನೀಲವ್ವ ಅಂತ ನಮ್ಮ ಮನ್ಯಾಗ ಯಾರೂ ಇದ್ದಿಲ್ಲ. ಮುಖ ಇಲ್ಲದವರ ಮಾತು ಹೆಂಗ ನಂಬೂದು?”

“ಮುಚ್ಚಳ ಪುಸ್ತಕಕ್ಕ ಕೂಡತೈತಿ, ಒಪ್ಪಿದೆ” ಎಂದರು ಅಧಿಕಾರಿ. “ಆದ್ರ ಸಂಕವ್ವನ ನೀಲವ್ವ ಅನ್ನಲಿಕ್ಕೆ ಒಬ್ಬರು ಬೇಕಲ್ರಿ. ಒಂದು ಕೆಲಸ ಮಾಡ್ರಿ, ನೀವ ಹೇಳಿದ್ರಿ ಅಂತ ನಿಮ್ಮ ಹೆಸರ ಹಾಕ್ರಿ. ನಾ ಸಹಿ ಮಾಡತೀನಿ.”

ಸಾಹೇಬರು ಮುಚ್ಚಳವನ್ನು ಎತ್ತಿ ಡಬ್ಬಿಗೆ ಹಾಕಿದರು.

“ನಾನು ಈ ಊರವನಲ್ಲ ಸರ್. ನನಗೆ ಹೇಗೆ ಗೊತ್ತಿರತ್ತೆ?” ಎಂದರು ಸಾಹೇಬರು.

“ಚಾ ಬರಲಿ” ಎಂದು ಭಾವ ಒಳಗೆ ಕೂಗಿದರು. ನನ್ನ ಜೊತೆ ಅವರು ನೇರ ಮಾತಾಡುತ್ತಿರಲಿಲ್ಲ.

ನಾನು ಸೆರಗು ಹೊದ್ದು ತಟ್ಟೆ ಹಿಡಿದು ಹೋದೆ. ಅಧಿಕಾರಿಯ ಮುಂದೆ ಒಂದು ಕಪ್ಪು, ಭಾವನವರ ಮುಂದೆ, ಮಾಸ್ತರರ ಮುಂದೆ, ಗುಮಾಸ್ತರ ಮುಂದೆ. ಸಾಹೇಬರ ಮುಂದೆ ಇಡುವಾಗ ಆ ಕಾರ್ಡು ಅಲ್ಲೇ ಇತ್ತು, ನನ್ನ ಕೈಗೆ ಅಂಚು ತಾಗುವಷ್ಟು ಹತ್ತಿರ. ಹೇಳಬೇಕಾದ ಮಾತು ಎರಡೇ: ನಾನ ಹೇಳೀನ್ರಿ. ಸಾಹೇಬರು ತಲೆ ಎತ್ತಲಿಲ್ಲ. ಎತ್ತಿದ್ದರೆ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು, ಅದು ಅವರಿಗೆ ಗೊತ್ತಿತ್ತು. “ಇಡಿ ಅಮ್ಮಾ” ಎಂದರು, ದಿನಾ ಅನ್ನುವ ಹಾಗೆಯೇ. ನಾನು ಒಳಗೆ ಬಂದೆ.

ಅವತ್ತೇ ತೀರ್ಮಾನವಾಯಿತು. ಮೂರು ಇಲಾಖೆ, ಮೂರು ಗಾಡಿ.

ಸಾಮಾನು ಕಟ್ಟಲು ನಾಲ್ಕು ದಿನ ಹಿಡಿಯಿತು. ಸಾಹೇಬರು ಒಂದೊಂದನ್ನೂ ಹಳೆಯ ಪೇಪರಿನಲ್ಲಿ ಸುತ್ತಿದರು, ನಾನು ದಾರ ಕಟ್ಟಿದೆ. ಸಂಕವ್ವಾಯಿಯ ಪುಸ್ತಕ ಒಂದು ಗಾಡಿಗೆ ಹೋಯಿತು, ಅರ್ಜಿ ಇನ್ನೊಂದಕ್ಕೆ, ಡಬ್ಬಿ ಮೂರನೆಯದಕ್ಕೆ. ಮೂರೂ ದಾಖಲೆ ಬುಕ್ಕುಗಳನ್ನು ಅವರವರು ಒಯ್ದರು. ನಾಲ್ಕನೆಯ ಪೆಟ್ಟಿಗೆಯನ್ನು ಯಾರೂ ಒಯ್ಯಲಿಲ್ಲ. ಸಂಗತಿಗಳಿಗೆ ಇಲಾಖೆ ಇರಲಿಲ್ಲ.

ಕೊನೆಯ ಸಂಜೆ ಕಸ ಹೊಡೆಯುತ್ತ, ಅವರ ಕಡೆ ನೋಡದೆ, “ನನ್ನಿಂದ ಹಿಂಗಾತ್ರಿ” ಅಂದೆ.

“ಇಲ್ಲ ಅಮ್ಮಾ. ಅವಳು ಒಬ್ಬಳೇ ಅಂತ ಇಬ್ಬರಿಗಾದರೂ ಗೊತ್ತಾಯ್ತಲ್ಲ, ಅದು ನಿಮ್ಮಿಂದಾನೇ.”

ಮರುದಿನ ಕುಂದಗೋಳದಿಂದ ರೈಲಿಗೆ ಹೋದರು. ಟ್ರಂಕು ಒಂದು, ಹಾಸಿಗೆಯ ಸುರುಳಿ ಒಂದು, ಬಟ್ಟೆಯಲ್ಲಿ ಕಟ್ಟಿದ ಆ ಪೆಟ್ಟಿಗೆ ಒಂದು. ಬೀಳ್ಕೊಡಲು ಯಾರು ಹೋಗಿದ್ದರೋ ಗೊತ್ತಿಲ್ಲ. ನಾನು ಹೋಗುವಂತಿರಲಿಲ್ಲ. ಅವರ ವಿಳಾಸ ಕಮಿಟಿಯವರ ಹತ್ತಿರ ಇತ್ತು, ಕೇಳುವ ಧೈರ್ಯ ನನಗೆ ಇರಲಿಲ್ಲ. ಅವರು ಬರೆಯಲಿಲ್ಲ. ಬರೆದಿದ್ದರೆ ಭಾವನವರ ಮನೆಗೆ ಬರುತ್ತಿತ್ತು.

ಆಮೇಲಿನದು ನಿಮಗೆ ಗೊತ್ತು. ನಿಮ್ಮ ಅವ್ವನಿಗೆ ನೌಕರಿ ಸಿಕ್ಕು ನಾವು ಹುಬ್ಬಳ್ಳಿಗೆ ಬಂದೆವು. ಭಾವ ತೀರಿಕೊಂಡು ಬಹಳ ವರ್ಷವಾಯಿತು. ನನ್ನನ್ನು ತಡೆಯುವವರು ಯಾರೂ ಉಳಿದಿರಲಿಲ್ಲ, ಆದರೂ ಇದನ್ನು ಹೇಳಲು ನಾನು ಎಲ್ಲಿಗೂ ಹೋಗಲಿಲ್ಲ. ಬಸ್ಸಿನಲ್ಲಿ ಆ ಸುದ್ದಿ ಕೇಳಿದ ಮೇಲೆ, ಹೋದ ತಿಂಗಳು, ನಿಮ್ಮಲ್ಲಿ ದೊಡ್ಡವಳಿಗೆ ಮ್ಯೂಸಿಯಮ್ಮು ನೋಡಬೇಕು ಎಂದೆ. ಕರೆದುಕೊಂಡು ಹೋದಳು. ಅವಳು ಫೋನಿನಲ್ಲಿ ಮಾತಾಡುತ್ತ ಹೊರಗೆ ನಿಂತಳು. ನಾನು ಒಬ್ಬಳೇ ಒಳಗೆ ಹೋದೆ.

ಡಬ್ಬಿ ಇತ್ತು. ಗಾಜಿನ ಹಿಂದೆ, ಮುಚ್ಚಳ ಮುಚ್ಚಿಕೊಂಡು. ಕೆಳಗಿನ ಚೀಟಿಯಲ್ಲಿ ‘ಔಷಧದ ಡಬ್ಬಿ, ತಾಮ್ರ, ಕುಂದಗೋಳ ತಾಲೂಕು’ ಎಂದಷ್ಟೇ.

ಅಲ್ಲಿ ಕಂಪ್ಯೂಟರಿನ ಮುಂದೆ ಒಬ್ಬ ಹುಡುಗಿ ಕುಳಿತಿದ್ದಳು. ಹತ್ತಿರ ಹೋಗಿ ನಿಂತೆ. “ಆ ಡಬ್ಬಿ ಯಾರದಂತ ನನಗ ಗೊತ್ತೈತಿ” ಅಂದೆ. ನನ್ನ ಧ್ವನಿ ನನಗೇ ಜೋರಾಗಿ ಕೇಳಿತು. ಹುಡುಗಿ ಕುರ್ಚಿ ಕೊಟ್ಟಳು. ಎಲ್ಲ ಹೇಳಿದೆ, ಸಂಕವ್ವ, ನೀಲವ್ವ, ಪುಸ್ತಕ, ಅರ್ಜಿ. ಅವಳು ಟೈಪು ಮಾಡಿಕೊಂಡಳು.

“ಡಬ್ಬೀದ್ದು ಹಾಕೀನಿ ಅಜ್ಜಿ. ಪುಸ್ತಕ, ಅರ್ಜಿ ನಮ್ಮಲ್ಲಿ ಬರಂಗಿಲ್ರಿ. ಅವರ ಲಿಸ್ಟ್ ಬ್ಯಾರೆ, ನಮಗ ಕಾಣಸಂಗಿಲ್ಲ.”

“ಈಗೂ?”

“ಈಗೂ ಅಜ್ಜಿ. ಮಾಹಿತಿ ಕೊಟ್ಟವರು ಅಂತ ನಿಮ್ಮ ಹೆಸರ ಹಾಕಲಿ?”

“ಹಾಕವಾ. ಎರಡೂ ಹಾಕು.”

ನನ್ನ ತವರಿನ ಹೆಸರು ಹೇಳಿದೆ, ಗಂಡನ ಮನೆಯ ಹೆಸರು ಹೇಳಿದೆ. ಅವಳು ಹೊಡೆದು ಮುಗಿಸಿ ನನ್ನ ಕಡೆ ತಿರುಗಿದಳು.

“ಇಷ್ಟ ವರ್ಷ ಯಾಕ ಯಾರಿಗೂ ಹೇಳಲಿಲ್ಲ ಅಜ್ಜಿ? ಯಾರೂ ಕೇಳಲಿಲ್ಲೇನು?”

“ಕೇಳಿದ್ರವಾ” ಅಂದೆ. “ಎಲ್ಲಾರ ಮುಂದ ಕೇಳಿದ್ರು. ನಾ ಚಾ ಇಟ್ಟು ಒಳಗ ಹೋದೆ.”